ಗ್ರಾಂಡ್ ರಿವಿಯೇರ್‌ನಲ್ಲಿ, ಆಮೆ ಬರೋ ಬೀಚಿನ ಹೋಟೆಲಲ್ಲಿ ಉಳ್ಕೊಳ್ಳೋದು: ಪದೇ ಪದೇ ಕೇಳೋ ಪ್ರಶ್ನೆಗಳು

ನಾವಿರೋದು ನ್ಯೂಜೆರ್ಸಿಯಲ್ಲಿ. ಟ್ರಿನಿಡಾಡ್‌ನ ಗ್ರಾಂಡ್ ರಿವಿಯೇರ್ ಅನ್ನೋ ಹಳ್ಳಿಗೆ ಎರಡು ಸಲ ಹೋಗ್ಬಂದ್ವಿ, ಒಂದ್ಸಲ ಮೇ ತಿಂಗಳಲ್ಲಿ ನಾವಿಬ್ರೇ, ಇನ್ನೊಂದ್ಸಲ ಜುಲೈ ಕೊನೇಲಿ ಮಕ್ಕಳು ಮತ್ತೆ ಉಡುಪಿಯಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ. ಫೋಟೋ ನೋಡಿದೋರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಅವೇ ಪ್ರಶ್ನೆ ಕೇಳ್ತಾ ಇದಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ.

ಇದು ಎಲ್ಲಿದೆ? ರೆಸಾರ್ಟ್ ಥರಾನಾ?

ಟ್ರಿನಿಡಾಡ್ ದ್ವೀಪದ ಈಶಾನ್ಯ ಮೂಲೆ. ಟೋಕೋ ದಾಟಿ, ಸಾನ್ಸ್ ಸೂಸಿ ದಾಟಿದ್ಮೇಲೆ ಗ್ರಾಂಡ್ ರಿವಿಯೇರ್ ಬರತ್ತೆ, ಆಮೇಲೆ ಮಾಟೆಲೋ, ಅಲ್ಲಿಗೆ ರೋಡೇ ಮುಗೀತು. ಹಿಂದ್ಗಡೆ ನಾರ್ದರ್ನ್ ರೇಂಜ್ ಗುಡ್ಡ, ಮುಂದ್ಗಡೆ ಸಮುದ್ರ, ಮಧ್ಯೆ ಒಂದು ನದಿ. ಊರಿನ ಹೆಸರಿನ ಅರ್ಥಾನೂ ದೊಡ್ಡ ಹೊಳೆ ಅಂತಲೇ. ಬೀಚ್ ಉದ್ದ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಕಮ್ಮಿ, ಅದರ ಅಂಚಲ್ಲೇ ಕೆಲವು ಸಣ್ಣ ಹೋಟೆಲು, ಗೆಸ್ಟ್‌ಹೌಸು. ರೆಸಾರ್ಟ್ ಅಂದ್ಕೊಂಡು ಮಾತ್ರ ಹೋಗ್ಬೇಡಿ. ಸ್ವಿಮ್ಮಿಂಗ್ ಪೂಲು, ರಾತ್ರಿ ಡಿಜೆ, ಬಫೆ ಬೇಕು ಅನ್ನೋರಿಗೆ ಕೆರಿಬಿಯನ್‌ನಲ್ಲಿ ಬೇರೆ ಎಷ್ಟೋ ಜಾಗ ಇದೆ. ಇಲ್ಲಿಗೆ ಜನ ಬರೋದು ಲೆದರ್‌ಬ್ಯಾಕ್ ಕಡಲಾಮೆಗೋಸ್ಕರ. ಪ್ರಪಂಚದಲ್ಲೇ ಅವು ಅತೀ ಒತ್ತೊತ್ತಾಗಿ ಬಂದು ಮೊಟ್ಟೆ ಇಡೋ ಬೀಚುಗಳಲ್ಲಿ ಇದೂ ಒಂದು.

ಯಾವ ತಿಂಗಳಲ್ಲಿ ಹೋಗ್ಬೇಕು?

ಮಾರ್ಚ್ 1ರಿಂದ ಆಗಸ್ಟ್ 31ರ ತನಕ ಆಮೆ ಸೀಸನ್. ದೊಡ್ಡ ಆಮೆ ಮೊಟ್ಟೆ ಇಡೋದು ನೋಡ್ಬೇಕು ಅಂದ್ರೆ ಏಪ್ರಿಲ್, ಮೇ, ಜೂನ್. ಮರಿ ನೋಡ್ಬೇಕು ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್, ಯಾಕಂದ್ರೆ ಮೊಟ್ಟೆ ಒಡೆಯೋಕೆ ಸುಮಾರು 60 ದಿನ ಬೇಕು. ಎರಡೂ ನೋಡೋ ಆಸೆ ಇದ್ರೆ ಜೂನ್ ಕೊನೆ, ಜುಲೈ ಶುರು ಇಟ್ಕೊಳ್ಳಿ. ಜೂನ್‌ನಿಂದ ಮಳೆಗಾಲ, ಆದ್ರೆ ನಮ್ಮ ಕರಾವಳಿ ಥರ ದಿನವಿಡೀ ಹೊಯ್ಯಲ್ಲ, ಜೋರಾಗಿ ಒಂದು ಗಂಟೆ ಸುರಿದು ಬಿಸಿಲು ಬಂದ್ಬಿಡತ್ತೆ. ಚಂಡಮಾರುತ ಓಡಾಡೋ ದಾರಿಗೆ ಟ್ರಿನಿಡಾಡ್ ದಕ್ಷಿಣಕ್ಕಿರೋದ್ರಿಂದ ಉಳಿದ ದ್ವೀಪಗಳಷ್ಟು ಹೊಡೆತ ಬೀಳಲ್ಲ.

ಹೋಟೆಲ್ ಬೀಚ್ ಮೇಲೇ ಇದೆಯಲ್ಲ, ರಾತ್ರಿ ನಾವೇ ಇಳಿದು ನೋಡ್ಬಹುದಾ?

ಇಲ್ಲ. ಈ ಬೀಚ್ 1997ರಿಂದ ಸಂರಕ್ಷಿತ ಜಾಗ, ಸೀಸನ್‌ನಲ್ಲಿ ರಾತ್ರಿ ಮರಳಿಗೆ ಇಳೀಬೇಕು ಅಂದ್ರೆ ಅರಣ್ಯ ಇಲಾಖೆ ಪರ್ಮಿಟ್ ಬೇಕು, ಜೊತೆಗೆ ಗೈಡ್ ಬೇಕು. ರೂಮಿನ ಬಾಗಿಲಿಂದ ಇಪ್ಪತ್ತು ಹೆಜ್ಜೆಗೆ ಆಮೆ ಬಂದು ಕೂತಿದ್ರೂ ಅಷ್ಟೆ. ಪರ್ಮಿಟ್‌ಗೆ ಹೆಚ್ಚೇನೂ ದುಡ್ಡಾಗಲ್ಲ, ಹೋಟೆಲಿನೋರೇ ಮಾಡಿಸ್ಕೊಡ್ತಾರೆ ಅಥವಾ ಎಲ್ಲಿ ಸಿಗತ್ತೆ ಅಂತ ಹೇಳ್ತಾರೆ.

ಗೈಡುಗಳು ಆ ಹಳ್ಳಿಯೋರೇ. ಅವರದೇ ಒಂದು ಸಂಘ ಇದೆ, ರಾತ್ರಿಯೆಲ್ಲ ಬೀಚ್ ಸುತ್ತಿ ಆಮೆ ಲೆಕ್ಕ ಹಾಕೋದು, ಟ್ಯಾಗ್ ಹಾಕೋದು, ಕಳ್ಳರನ್ನ ತಡೆಯೋದು ಎಲ್ಲಾ ಅವರೇ. ಮುಂಚೆ ಇಲ್ಲಿ ಮಾಂಸಕ್ಕೆ ಆಮೆ ಕಡೀತಿದ್ರು. ಅದೇ ಊರಿನೋರು ಈಗ ಕಾವಲು ಕಾಯ್ತಾರೆ ಅಂದ್ರೆ ಆ ಕೆಲಸದಿಂದ ಅವರ ಮನೆ ನಡೀಬೇಕು ತಾನೆ. ಅದಕ್ಕೇ ಗೈಡ್ ಫೀಸ್‌ನಲ್ಲಿ ದಯವಿಟ್ಟು ಚೌಕಾಸಿ ಮಾಡ್ಬೇಡಿ. ಇಡೀ ಟ್ರಿಪ್ಪಲ್ಲಿ ಅತೀ ಸಾರ್ಥಕವಾಗಿ ಖರ್ಚಾಗೋ ದುಡ್ಡು ಅದು.

ಮೊಟ್ಟೆ ಇಡೋದು ನಿಜವಾಗ್ಲೂ ಹತ್ರದಿಂದ ಕಾಣತ್ತಾ?

ಕಾಣತ್ತೆ, ಕೈ ಚಾಚಿದ್ರೆ ಸಿಗೋಷ್ಟು ಹತ್ರ. ಆದ್ರೆ ಗೈಡ್ ಕರೆಯೋ ತನಕ ದೂರ ನಿಂತು ಕಾಯ್ಬೇಕು. ಸಮುದ್ರದಿಂದ ಹತ್ತಿ ಬರೋವಾಗ, ಗುಂಡಿ ತೋಡೋವಾಗ ಅದಕ್ಕೆ ಸ್ವಲ್ಪ ಗಲಾಟೆ ಆದ್ರೂ, ಬೆಳಕು ಬಿದ್ರೂ ವಾಪಸ್ ಹೋಗ್ಬಿಡತ್ತೆ. ಒಂದ್ಸಲ ಮೊಟ್ಟೆ ಇಡೋಕೆ ಶುರು ಮಾಡ್ತು ಅಂದ್ರೆ ಆಮೇಲೆ ಅದಕ್ಕೆ ಅಷ್ಟು ಗಮನ ಇರಲ್ಲ, ಗೈಡ್ ಆಗ ಕೆಂಪು ಟಾರ್ಚ್ ಹಾಕಿ ಹಿಂದ್ಗಡೆಯಿಂದ ಕರೀತಾರೆ.

ಮೊದಲನೇ ಸಲ ನಾವು ನೋಡಿದ್ದು ರಾತ್ರಿ ಹನ್ನೊಂದರ ಹತ್ರ. ಕತ್ತಲಲ್ಲಿ ಮುಂಚೆ ಬರೀ ಉಸಿರು ಕೇಳಿಸ್ತು, ದನ ಮೆಟ್ಟಿಲು ಹತ್ತೋವಾಗ ಬಿಡತ್ತಲ್ಲ ಆ ಥರ ಭಾರವಾದ ಉಸಿರು. ಹತ್ರ ಹೋದ್ರೆ ಮಂಚದಷ್ಟು ಉದ್ದ, ಬೆನ್ನ ಮೇಲೆ ಚಿಪ್ಪಿಲ್ಲ, ಒದ್ದೆ ರಬ್ಬರಿನ ಥರ ಕಪ್ಪು ಚರ್ಮ, ಅದರ ಮೇಲೆ ಉದ್ದಕ್ಕೆ ಏಳು ಏಣು. ಇಂಥ ಒಂದು ಆಮೆ ಸಾಮಾನ್ಯವಾಗಿ 300ರಿಂದ 500 ಕೆಜಿ ತೂಗತ್ತೆ. ಅಷ್ಟು ದೊಡ್ಡ ಜೀವ ಹಿಂದಿನ ಈಜುಗಾಲನ್ನ ಸೌಟಿನ ಥರ ಮಡಚಿ, ಒಂದು ಸೌಟು ಮರಳು ಎತ್ತಿ ಮೆಲ್ಲಗೆ ಪಕ್ಕಕ್ಕಿಡತ್ತೆ, ಆಮೇಲೆ ಇನ್ನೊಂದು ಕಾಲು, ಮತ್ತೆ ಈ ಕಾಲು, ಅದಕ್ಕೆ ಹಿಂದೆ ಏನೂ ಕಾಣಲ್ಲ, ಬರೀ ಕಾಲಿಗೆ ಸಿಕ್ಕಿದ ಅಂದಾಜಲ್ಲೇ ತೋಳುದ್ದದ ಗುಂಡಿ, ಗೋಡೆ ಒಂದು ಚೂರೂ ಕುಸೀಲಿಲ್ಲ. ಆಮೇಲೆ ದೊಡ್ಡ ನಿಂಬೆಹಣ್ಣಿನಷ್ಟು ಬಿಳೀ ಮೊಟ್ಟೆ ಎರಡು ಮೂರು ಒಟ್ಟಿಗೆ ಬೀಳ್ತಾ ಹೋಯ್ತು, ಎಂಬತ್ತರ ಆಸುಪಾಸು. ಕೊನೇಲಿ ಗೋಲಿಯಂಥ ಚಿಕ್ಕವು, ಅದರಲ್ಲಿ ಮರಿ ಆಗಲ್ಲ. ಕಣ್ಣಲ್ಲಿ ದಪ್ಪ ನೀರು ಇಳೀತಿತ್ತು. ಅಳ್ತಿದೆ ಅಂತ ನನ್ನ ಹೆಂಡತಿ ನನ್ನ ಕೈ ಹಿಡ್ಕೊಂಡ್ಲು, ಅದು ಮೈಯಲ್ಲಿನ ಹೆಚ್ಚಿನ ಉಪ್ಪು ಹೊರಗೆ ಹಾಕೋದು ಅಂತ ಗೈಡ್ ಮೆಲ್ಲಗೆ ಹೇಳಿದ್ರು. ಗುಂಡಿ ಮುಚ್ಚಿ, ಗುರುತು ಸಿಗದ ಹಾಗೆ ಸುತ್ತ ಮರಳೆಲ್ಲ ಎರಚಾಡಿ, ಸಮುದ್ರಕ್ಕೆ ವಾಪಸ್ ಹೋಗೋಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ಒಂಬತ್ತು ಹತ್ತು ದಿನ ಬಿಟ್ಟು ಅದೇ ಆಮೆ ಮತ್ತೆ ಬರತ್ತೆ, ಒಂದು ಸೀಸನ್‌ನಲ್ಲಿ ಹೀಗೆ ಹಲವು ಸಲ. ಸೀಸನ್ ಮುಗಿದ್ಮೇಲೆ ಜೆಲ್ಲಿಮೀನು ತಿನ್ನೋಕೆ ಕೆನಡಾದ ನೋವಾ ಸ್ಕೋಷಿಯಾ ಕಡೆ ತನಕ ಈಜ್ಕೊಂಡು ಹೋಗೋ ಆಮೆಗಳಿವೆ. ಅಂದ್ರೆ ನಮ್ಮ ನ್ಯೂಜೆರ್ಸಿಗಿಂತ ಎಷ್ಟೋ ಉತ್ತರಕ್ಕೆ.

ರೂಮಲ್ಲಿ ಲೈಟ್ ಹಾಕ್ಬಾರದು ಅಂತಾರಂತೆ, ಯಾಕೆ?

ಮೊಟ್ಟೆಯಿಂದ ಎದ್ದ ಮರಿಗೆ ಸಮುದ್ರ ಯಾವ ಕಡೆ ಅಂತ ಗೊತ್ತಾಗೋದೇ ಬೆಳಕಿನಿಂದ. ಕತ್ತಲ ಬೀಚಲ್ಲಿ ನೀರಿನ ಕಡೆ ಆಕಾಶ ಸ್ವಲ್ಪ ತೆಳುವಾಗಿ ಹೊಳೀತಿರತ್ತೆ, ಮರಿ ಆ ಕಡೆ ಓಡತ್ತೆ. ವರಾಂಡದ ಬಲ್ಬ್ ಉರೀತಿದ್ರೆ ಅದನ್ನೇ ಸಮುದ್ರ ಅಂದ್ಕೊಂಡು ಹೋಟೆಲಿನ ಕಡೆ ಬರತ್ತೆ.

ಎರಡನೇ ಸಲ ಹೋದಾಗ ನಾನೇ ಈ ತಪ್ಪು ಮಾಡಿದೀನಿ, ಹೇಳ್ಕೊಳ್ಳೋಕೆ ಬೇಜಾರು ಆದ್ರೂ ಹೇಳ್ತೀನಿ. ಮಗನಿಗೆ ಬಾತ್‌ರೂಮಿಗೆ ಭಯ ಅಂತ ಬಾತ್‌ರೂಮ್ ಲೈಟ್ ಹಾಕಿ, ಗಾಳಿ ಬರ್ಲಿ ಅಂತ ಮುಂದಿನ ಬಾಗಿಲು ತೆಗೆದಿಟ್ಟು ಮಲಗಿದ್ವಿ. ರಾತ್ರಿ ಎರಡೂವರೆಗೆ ಅಮ್ಮ ಎಬ್ಬಿಸಿದ್ರು, ಹೊಸ್ತಿಲ ಹತ್ರ ಏನೋ ಸರಸರ ಅಂತಿದೆ ನೋಡೋ ಅಂತ. ಅಂಗೈಯಷ್ಟಿರೋ ಕಪ್ಪು ಮರಿ, ಬೆನ್ನ ಮೇಲೆ ಬಿಳೀ ಚುಕ್ಕಿ ಸಾಲು, ಮೈಯಷ್ಟೇ ಉದ್ದದ ಮುಂದಿನ ಕಾಲಲ್ಲಿ ಮರದ ಹಲಗೆ ಮೇಲೆ ಈಜ್ತಾ ಇದೆ, ಇನ್ನೂ ಐದಾರು ಮೆಟ್ಟಿಲ ಕೆಳಗೆ. ಲೈಟ್ ಆರಿಸಿ ಹೋಟೆಲಿನ ಕಾವಲುಗಾರರನ್ನ ಕರೆದ್ವಿ, ಅವರು ಏನೂ ಬೈಲಿಲ್ಲ, ಬಕೆಟ್‌ನಲ್ಲಿ ಒಂದೊಂದನ್ನೇ ಎತ್ಕೊಂಡು ನೀರಿನ ಹತ್ರ ಮರಳ ಮೇಲೆ ಬಿಟ್ರು. ಅಮ್ಮ ಬೆಳಗಾಗೋ ತನಕ ಮಲಗಲೇ ಇಲ್ಲ, ಮೆಟ್ಟಿಲ ಮೇಲೇ ಕೂತಿದ್ರು. ನಾವು ಎಚ್ಚರ ಆಗಿದ್ದಕ್ಕೆ ಅವು ಬದುಕಿದ್ವು, ಎಚ್ಚರ ಆಗದಿದ್ರೆ ಬೆಳಗ್ಗೆ ಬಿಸಿಲಿಗೋ ಹದ್ದಿಗೋ ಹೋಗ್ತಿದ್ವು. ಅದಕ್ಕೇ ಹೇಳೋದು, ಸಮುದ್ರದ ಕಡೆ ಇರೋ ಲೈಟ್ ಪೂರ್ತಿ ಆಫ್, ಕರ್ಟನ್ ಎಳೀಬೇಕು, ವರಾಂಡದಲ್ಲಿ ಕೂತು ಫೋನ್ ನೋಡೋದೂ ಬೇಡ. ಒಂದು ಕೆಂಪು ಟಾರ್ಚ್ ತಗೊಂಡೋಗಿ, ಬಾತ್‌ರೂಮಿಗೆ ಅದೇ ಸಾಕು.

ಫೋಟೋ?

ರಾತ್ರಿ ಫ್ಲಾಷ್ ಇಲ್ಲವೇ ಇಲ್ಲ. ಕೆಂಪು ಬೆಳಕಲ್ಲಿ ಫೋನ್ ಫೋಟೋ ಚೆನ್ನಾಗಿ ಬರಲ್ಲ, ಆ ಆಸೆ ಬಿಟ್ಬಿಡಿ. ಬೆಳಗ್ಗೆ ಐದೂವರೆಗೆ ಎದ್ರೆ ತಡವಾಗಿ ಬಂದ ಒಂದೆರಡು ಆಮೆ ಇನ್ನೂ ಮರಳ ಮೇಲಿರತ್ತೆ ಎಷ್ಟೋ ಸಲ, ಗೈಡನ್ನ ಕೇಳ್ಕೊಂಡು ದೂರದಿಂದ ಆಗ ತೆಗೀಬಹುದು.

ಬೀಚಲ್ಲಿ ಕೆಟ್ಟ ವಾಸನೆ ಅಂತ ಯಾರೋ ಅಂದ್ರು

ಹೌದು, ಇರತ್ತೆ. ಸೀಸನ್ ಜೋರಾಗಿರೋವಾಗ ಒಂದೇ ರಾತ್ರಿ ನೂರರ ಮೇಲೆ ಆಮೆ ಬರತ್ತೆ, ಜಾಗ ಸಾಲದೆ ಒಂದು ಆಮೆ ಇನ್ನೊಂದರ ಗುಂಡಿ ಮೇಲೇ ತೋಡಿ ಹಳೇ ಮೊಟ್ಟೆ ಹೊರಗೆ ಬರತ್ತೆ, ಅದು ಬಿಸಿಲಿಗೆ ಕೊಳೀತದೆ. ಬೆಳಗಾದ್ರೆ ಕಪ್ಪು ರಣಹದ್ದುಗಳು ಸಾಲಾಗಿ ಬಂದು ಕೂತಿರ್ತವೆ, ಅಲ್ಲಿನೋರು ಕೋರ್ಬೋ ಅಂತಾರೆ. ಒಂದು ದಿನ ಕಷ್ಟ ಆಗತ್ತೆ, ಆಮೇಲೆ ಮೂಗಿಗೆ ಅಭ್ಯಾಸ ಆಗ್ಬಿಡತ್ತೆ. ತೀರಾ ಆಗದೋರು ನದಿ ಕಡೆ ಅಥವಾ ಸ್ವಲ್ಪ ಎತ್ತರದಲ್ಲಿರೋ ಗೆಸ್ಟ್‌ಹೌಸ್ ತಗೊಳ್ಳಿ.

ಮಕ್ಕಳನ್ನ ಕರ್ಕೊಂಡು ಹೋಗ್ಬಹುದಾ?

ಖಂಡಿತ. ಆರು ವರ್ಷದ ಮೇಲಿನೋರಾದ್ರೆ ರಾತ್ರಿ ಸುಮ್ನೆ ನಿಂತು ನೋಡೋ ತಾಳ್ಮೆ ಇರತ್ತೆ. ಒಂದೇ ಮಾತು, ಹಗಲು ಮರಳಲ್ಲಿ ಗುಂಡಿ ತೋಡಿ ಆಡಿದ್ರೆ ಸಂಜೆಯೊಳಗೆ ಮುಚ್ಚಿಸ್ಬಿಡಿ, ಮರಿ ಅದರಲ್ಲಿ ಬಿದ್ರೆ ಹತ್ತೋಕಾಗಲ್ಲ. ಬೀಚ್ ಛತ್ರಿ ನೆಡೋದೂ ಬೇಡ, ಕೆಳಗೆ ಮೊಟ್ಟೆ ಇರತ್ತೆ.

ಏರ್‌ಪೋರ್ಟಿಂದ ಹೋಗೋದು ಹೇಗೆ?

ಪಿಯಾರ್ಕೋ ಏರ್‌ಪೋರ್ಟಿಂದ ಕಾರಲ್ಲಿ ಎರಡೂವರೆ ಗಂಟೆ ಇಟ್ಕೊಳ್ಳಿ. ಅರೀಮಾ, ವಲೆನ್ಸಿಯಾ, ಮಟೂರಾ, ಆಮೇಲೆ ಸಮುದ್ರದ ಪಕ್ಕಪಕ್ಕದಲ್ಲೇ ಟೋಕೋ. ನಮ್ಮ ಹಾಗೇ ಎಡಗಡೆ ಡ್ರೈವಿಂಗ್, ಕಡೇ ಭಾಗದಲ್ಲಿ ಆಗುಂಬೆ ಥರ ಕಿರಿದಾದ ತಿರುವು, ಕೆಲವು ಕಡೆ ರಸ್ತೆ ಕುಸಿದಿರತ್ತೆ, ಆದ್ರಿಂದ ಕತ್ತಲಾಗೋದ್ರೊಳಗೆ ತಲುಪೋ ಹಾಗೆ ಫ್ಲೈಟ್ ನೋಡ್ಕೊಳ್ಳಿ. ನಾವು ಎರಡೂ ಸಲ ಹೋಟೆಲಿನೋರೇ ಕಳಿಸಿದ ಗಾಡಿಯಲ್ಲಿ ಹೋದ್ವಿ. ಕಮ್ಮಿ ಖರ್ಚಲ್ಲಿ ಆಗ್ಬೇಕು ಅಂದ್ರೆ ಸಾಂಗ್ರೆ ಗ್ರಾಂಡೆ ತನಕ ಮ್ಯಾಕ್ಸಿ (ನಮ್ಮ ಟೆಂಪೋ ಟ್ರಾವೆಲರ್ ಥರ ಶೇರ್ ವ್ಯಾನ್), ಅಲ್ಲಿಂದ ಇನ್ನೊಂದು ಗಾಡಿ, ಆದ್ರೆ ಲಗೇಜು ಮಕ್ಕಳು ಇದ್ರೆ ಬೇಡ. ಕ್ರಿಕೆಟ್ ಹುಚ್ಚಿರೋರಿಗೆ ಒಂದು ಮಾತು, ದಾರೀಲಿ ಸಿಗೋ ಅರೀಮಾ ಸುನಿಲ್ ನರೈನ್ ಊರು.

ವೀಸಾ, ಇಂಜೆಕ್ಷನ್?

ಇಂಡಿಯನ್ ಪಾಸ್‌ಪೋರ್ಟಲ್ಲಿ ಟೂರಿಸ್ಟ್ ಆಗಿ ಹೋದ ನಮಗೆ ವೀಸಾ ಕೇಳಲಿಲ್ಲ. ರೂಲ್ಸ್ ಬದಲಾಗ್ತಿರತ್ತೆ, ಟಿಕೆಟ್ ತಗೊಳ್ಳೋ ಮುಂಚೆ ಹೈಕಮಿಷನ್ ಹತ್ರ ಖಾತ್ರಿ ಮಾಡ್ಕೊಳ್ಳಿ. ಎಚ್1ಬಿಯಲ್ಲಿರೋರು (ಅಮೆರಿಕದ ಕೆಲಸದ ವೀಸಾ) ಪಾಸ್‌ಪೋರ್ಟಲ್ಲಿ ವೀಸಾ ಸ್ಟಾಂಪ್ ಮುಗಿದಿದ್ರೆ ಹೋಗ್ಬೇಡಿ, ಕೆನಡಾ ಮೆಕ್ಸಿಕೋಗೆ ಇರೋ ರಿಯಾಯ್ತಿ ನಂಬ್ಕೊಂಡು ಇಲ್ಲಿಗೆ ಬಂದ್ರೆ ವಾಪಸ್ ಹೋಗೋಕೆ ತೊಂದ್ರೆ ಆಗತ್ತೆ. ಬೆಂಗಳೂರಿಂದ ಬರೋರು ಲಂಡನ್ ಅಥವಾ ಅಮೆರಿಕ ಮೂಲಕ ಬರೋದಾದ್ರೆ ಆ ದೇಶದ ಟ್ರಾನ್ಸಿಟ್ ವೀಸಾ ನೋಡ್ಕೊಳ್ಳಿ.

ಜನ ಮರೆಯೋದು ಹಳದಿ ಜ್ವರದ ಲಸಿಕೆ, ಅಂದ್ರೆ ಯೆಲ್ಲೋ ಫೀವರ್. ಟ್ರಿನಿಡಾಡ್ ಆ ಜ್ವರದ ಪಟ್ಟಿಯಲ್ಲಿದೆ, ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೋ ಇಲ್ಲ. ಟ್ರಿನಿಡಾಡ್ ಬಿಟ್ಟ ಆರು ದಿನದೊಳಗೆ ಇಂಡಿಯಾಗೆ ಇಳಿಯೋರ ಹತ್ರ ಲಸಿಕೆ ಸರ್ಟಿಫಿಕೇಟ್ ಇಲ್ಲದಿದ್ರೆ ಕ್ವಾರಂಟೈನ್‌ಗೆ ಹಾಕ್ಬಹುದು. ಲಸಿಕೆ ಹಾಕಿಸ್ಕೊಂಡು ಹತ್ತು ದಿನ ಆದ್ಮೇಲೇ ಸರ್ಟಿಫಿಕೇಟ್ ಊರ್ಜಿತ. ಅರವತ್ತು ದಾಟಿದೋರು ಡಾಕ್ಟರನ್ನ ಕೇಳದೆ ಹಾಕಿಸ್ಕೋಬಾರದು, ನಮ್ಮ ಅಪ್ಪ ಅಮ್ಮ ಲಸಿಕೆ ಹಾಕಿಸ್ಕೊಳ್ಳದೇ ಬಂದಿದ್ರು, ಆದ್ರೆ ಆಮೇಲೆ ಎರಡು ತಿಂಗಳು ನಮ್ಮ ಜೊತೆ ನ್ಯೂಜೆರ್ಸಿಯಲ್ಲೇ ಇದ್ದಿದ್ರಿಂದ ವಾಪಸ್ ಹೋಗೋವಾಗ ತೊಂದ್ರೆ ಆಗ್ಲಿಲ್ಲ.

ರೂಮು, ಎಸಿ, ವೈಫೈ, ಕರೆಂಟು?

ನಾವಿದ್ದ ಕಡೆ ಮರದ ಕಿಟಕಿ, ಫ್ಯಾನು, ಸೊಳ್ಳೆಪರದೆ, ಎಸಿ ಇಲ್ಲ. ಗಾಳಿ ಚೆನ್ನಾಗಿ ಆಡೋದ್ರಿಂದ ಬೇಕು ಅನ್ನಿಸ್ಲಿಲ್ಲ. ವೈಫೈ ಮೆಸೇಜಿಗೆ ಸಾಕು, ವರ್ಕ್ ಫ್ರಮ್ ಹೋಮ್‌ಗೆ ನಂಬ್ಬೇಡಿ. ಕರೆಂಟ್ 115 ವೋಲ್ಟ್, ಪ್ಲಗ್ ಅಮೆರಿಕದ್ದೇ, ಊರಿಂದ ತಂದ ರೈಸ್ ಕುಕ್ಕರ್ ಇಲ್ಲಿ ಕೆಲಸ ಮಾಡಲ್ಲ. ಸೊಳ್ಳೆ ಇದೆ, ಡೆಂಗಿಯೂ ಇದೆ, ಸಂಜೆ ಉದ್ದ ತೋಳು ಹಾಕ್ಕೊಳ್ಳಿ.

ವೆಜ್ ಊಟ ಸಿಗತ್ತಾ?

ಸಿಗತ್ತೆ, ಆದ್ರೆ ಬುಕ್ ಮಾಡೋವಾಗ್ಲೇ ಹೇಳ್ಬೇಕು, ಯಾಕಂದ್ರೆ ಹಳ್ಳೀಲಿ ಮೀನೇ ಮುಖ್ಯ, ಪಕ್ಕದಲ್ಲಿ ಇನ್ನೊಂದು ಹೋಟೆಲ್ ನೋಡೋಣ ಅನ್ನೋ ಹಾಗಿಲ್ಲ. ಬರೀ ವೆಜಿಟೇರಿಯನ್ ಅಂದ್ರೆ ಸಾಲಲ್ಲ, ಮೀನು ಬೇಡ, ಉಪ್ಪುಮೀನು ಬೇಡ, ಏಡಿ ಬೇಡ, ಹಂದಿಬಾಲ ಬೇಡ ಅಂತ ಬಿಡಿಸಿ ಹೇಳಿ, ಕಲಲೂ ಅನ್ನೋ ಸೊಪ್ಪಿನ ಸಾರಲ್ಲಿ ಇವು ಬೀಳತ್ತೆ.

ಕಲಲೂ ಅಂದ್ರೆ ಏನು ಅಂತೀರಾ? ನಮ್ಮ ಕೆಸುವಿನ ಎಲೆ! ತೆಂಗಿನ ಹಾಲಲ್ಲಿ ಬೆಂಡೆಕಾಯಿ ಜೊತೆ ಬೇಯಿಸ್ತಾರೆ. ಅಮ್ಮ ಅಡುಗೆಮನೆಗೇ ಹೋಗಿ ನಿಂತ್ಬಿಟ್ರು. ಅಡುಗೆ ಮಾಡ್ತಿದ್ದ ಅಜ್ಜಿಗೂ ಇವರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ಆದ್ರೂ ಎಲೆ ಕೈಯಲ್ಲಿ ಹಿಡ್ಕೊಂಡು ನಾರು ಹೇಗೆ ತೆಗೀಬೇಕು ಅಂತ ಇಬ್ಬರೂ ತೋರಿಸ್ತಾ ಇದ್ರು. ಬ್ರೆಡ್‌ಫ್ರೂಟ್ ಅಂದ್ರೆ ಜೀಗುಜ್ಜೆ, ಕಸಾವ ಅಂದ್ರೆ ಮರಗೆಣಸು, ಪೊಮ್‌ಸಿತೇರ್ ಅನ್ನೋ ಹಣ್ಣು ನಮ್ಮ ಅಮಟೆಕಾಯಿ ಜಾತಿದೇ. ಪೇಟೆ ಕಡೆ ಸಹೀನಾ ಅಂತ ಸಿಗತ್ತೆ, ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು ಸುತ್ತಿ ಕರಿಯೋದು, ಪತ್ರೊಡೆ ತಿಂದು ಬೆಳೆದೋರಿಗೆ ಬಾಯಿಗಿಟ್ಟ ಕೂಡ್ಲೇ ನೆಂಟಸ್ತಿಕೆ ಗೊತ್ತಾಗತ್ತೆ. ಬರೋ ದಾರೀಲಿ ಡಬಲ್ಸ್ ತಿನ್ನದೆ ಇರ್ಬೇಡಿ, ಎರಡು ಮೆತ್ತನೆ ಬಾರಾ (ಕರಿದ ರೊಟ್ಟಿ) ಮಧ್ಯೆ ಕಡಲೆ, ಪೂರ್ತಿ ವೆಜ್, ಪೆಪ್ಪರ್ ಸಾಸ್ ಮಾತ್ರ ಸ್ವಲ್ಪ ಅನ್ನಿ.

ಅಲ್ಲಿ ನಮ್ಮೋರು ತುಂಬ ಇದಾರಂತಲ್ಲ?

ದೇಶದಲ್ಲಿ ಇದಾರೆ, ಈ ಹಳ್ಳೀಲಿ ಕಮ್ಮಿ. 1845ರ ಮೇ 30ಕ್ಕೆ ಫತೇಲ್ ರಜಾಕ್ ಅನ್ನೋ ಹಡಗು ಮೊದಲನೇ ಸಲ ಇಂಡಿಯಾದಿಂದ ಕೂಲಿಗಳನ್ನ ತಂದಿದ್ದು, 1917ರ ತನಕ ನಡೀತು, ಹೆಚ್ಚಿನೋರು ಬಿಹಾರ, ಉತ್ತರ ಪ್ರದೇಶದ ಕಡೆಯೋರು, ಸ್ವಲ್ಪ ಜನ ಮದ್ರಾಸಿಂದ. ಅವರೆಲ್ಲ ಕಬ್ಬಿನ ಸೀಮೆ ಅಂದ್ರೆ ದ್ವೀಪದ ಮಧ್ಯ, ದಕ್ಷಿಣದಲ್ಲಿ ನೆಲೆ ನಿಂತ್ರು. ಗ್ರಾಂಡ್ ರಿವಿಯೇರ್ ಕೋಕೋ ಸೀಮೆ, ಇಲ್ಲಿ ಆಫ್ರಿಕಾ ಮೂಲದೋರು, ವೆನೆಜುವೆಲಾದಿಂದ ಬಂದೋರ ಮನೆತನಗಳು. ಕ್ರಿಕೆಟ್ ಮಾತು ತೆಗೆದ್ರೆ ಯಾರಾದ್ರೂ ಆತ್ಮೀಯರೇ. ಅಪ್ಪ 1976ರ ಪೋರ್ಟ್ ಆಫ್ ಸ್ಪೇನ್ ಟೆಸ್ಟ್ ಬಗ್ಗೆ ಹೇಳಿದ್ರು, ವೆಸ್ಟ್ ಇಂಡೀಸ್ ಎದುರು ಇಂಡಿಯಾ 403 ಚೇಸ್ ಮಾಡಿದ್ದು, ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) 112, ಬ್ರಿಜೇಶ್ ಪಟೇಲ್ 49 ನಾಟೌಟ್. ಎದುರಿಗಿದ್ದ ವಯಸ್ಸಾದ ಮೀನುಗಾರರಿಗೂ ಆ ಮ್ಯಾಚ್ ನೆನಪಿತ್ತು, ಆವತ್ತು ರಾತ್ರಿ ಊಟ ತಣ್ಣಗಾಯ್ತು.

ಇನ್ನೊಂದು, ಅಲ್ಲಿ ಯಾರ ಹತ್ರ ಮಾತಾಡೋ ಮುಂಚೆನೂ ನಮಸ್ಕಾರ ಹೇಳ್ಲೇಬೇಕು. ಸಂಜೆ ಆದ್ಮೇಲೆ ಎದುರಿಗೆ ಸಿಕ್ಕಿದಾಗ್ಲೇ ಗುಡ್ ನೈಟ್ ಅಂತಾರೆ, ಅದು ಹೊರಡೋ ಮಾತಲ್ಲ.

ಹಗಲು ಏನ್ ಮಾಡೋದು?

ಬೆಳಗಿನ ಜಾವ ಪಾವಿ ನೋಡೋಕೆ ಹೋಗಿ. ಟ್ರಿನಿಡಾಡ್ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ನೋಡೋಕೆ ಸ್ವಲ್ಪ ಟರ್ಕಿ ಕೋಳಿ ಥರ, ನೀಲಿ ಗಂಟಲು, ಬೇಟೆಗೆ ಸಿಕ್ಕಿ ಸಿಕ್ಕಿ ಅಳಿವಿನಂಚಲ್ಲಿದೆ. ಈ ಊರ ಹಿಂದಿನ ಗುಡ್ಡದಲ್ಲಿ ಕಾಣೋ ಅವಕಾಶ ಚೆನ್ನಾಗಿದೆ. ಹಳೇ ಕೋಕೋ ತೋಟಗಳೂ ಇವೆ. ಟ್ರಿನಿಟಾರಿಯೋ ಅನ್ನೋ ಕೋಕೋ ತಳಿ ಹುಟ್ಟಿದ್ದೇ ಈ ದ್ವೀಪದಲ್ಲಿ. ಪುತ್ತೂರು ಕಡೆ ಅಡಿಕೆ ತೋಟದಲ್ಲಿ ಕೋಕೋ ನೋಡಿದೋರಿಗೆ ಗಿಡ ಹೊಸದಲ್ಲ, ಒಣಗಿದ ಬೀಜದ ಮೇಲೆ ಜನ ಬರಿಗಾಲಲ್ಲಿ ಕುಣಿದು ಹೊಳಪು ಬರಿಸ್ತಿದ್ರು ಅನ್ನೋದು ನನಗೆ ಹೊಸದು.

ಈಜಬಹುದಾ?

ಸಮುದ್ರದಲ್ಲಿ ಹುಷಾರು. ದಂಡೆ ಬೇಗ ಆಳ ಆಗತ್ತೆ, ಸೆಳೆತ ಜೋರು, ಆವತ್ತಿನ ನೀರು ಹೇಗಿದೆ ಅಂತ ಮೀನುಗಾರರನ್ನ ಕೇಳಿನೇ ಇಳೀಬೇಕು. ಮಕ್ಕಳಿಗೆ ನದಿ ಒಳ್ಳೇದು, ತಣ್ಣಗೆ, ತಿಳಿಯಾಗಿರತ್ತೆ, ಮಳೆ ಬಂದ ದಿನ ಬೇಡ.

ಸೇಫಾ? ದುಡ್ಡು?

ಹಳ್ಳೀಲಿ ನಮಗೆ ಎಲ್ಲೂ ಭಯ ಆಗ್ಲಿಲ್ಲ. ಆದ್ರೆ ದೇಶದ ಪೇಟೆಗಳಲ್ಲಿ ಗ್ಯಾಂಗ್ ಗಲಾಟೆ ಇದೆ, 2024ರ ಡಿಸೆಂಬರ್ ಕೊನೇಲಿ ಎಮರ್ಜೆನ್ಸಿನೇ ಹಾಕಿದ್ರು, ಹೊರಡೋ ಮುಂಚೆ ಪ್ರಯಾಣದ ಎಚ್ಚರಿಕೆ ಓದಿ, ಪೋರ್ಟ್ ಆಫ್ ಸ್ಪೇನ್‌ನಲ್ಲಿ ರಾತ್ರಿ ಸುತ್ತೋದು ಬೇಡ. ದುಡ್ಡು ಟಿಟಿ (ಟ್ರಿನಿಡಾಡ್-ಟೊಬೇಗೋ) ಡಾಲರ್, ಒಂದು ಅಮೆರಿಕನ್ ಡಾಲರಿಗೆ ಆರೂಮುಕ್ಕಾಲರ ಆಸುಪಾಸು. ಕ್ಯಾಷ್ ಏರ್‌ಪೋರ್ಟಲ್ಲೋ ಸಾಂಗ್ರೆ ಗ್ರಾಂಡೆಯಲ್ಲೋ ತೆಗೆದಿಟ್ಕೊಳ್ಳಿ, ಪೆಟ್ರೋಲೂ ಅಲ್ಲೇ.

ಆಮೆಗಳು ಕಮ್ಮಿ ಆಗ್ತಿವೆಯಾ? ನಾವು ಹೋಗೋದ್ರಿಂದ ತೊಂದ್ರೆನಾ?

ಕಮ್ಮಿ ಆಗ್ತಿವೆ. ವಾಯವ್ಯ ಅಟ್ಲಾಂಟಿಕ್‌ನ ಲೆದರ್‌ಬ್ಯಾಕ್‌ಗಳನ್ನ 2019ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ರು. ಟ್ರಿನಿಡಾಡ್‌ನಲ್ಲಿ 2011ರಿಂದ ವರ್ಷಪೂರ್ತಿ ಆಮೆ ಹಿಡಿಯೋದು ನಿಷೇಧ, ಆದ್ರೂ ದಡದ ಹತ್ರ ಹಾಕೋ ಮೀನು ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯ್ತವೆ. ನದಿಯ ಕಾಟ ಬೇರೆ. 2012ರ ಜುಲೈಯಲ್ಲಿ ನದಿ ದಾರಿ ಬದಲಿಸಿ ಬೀಚ್ ಕೊಚ್ಚೋಕೆ ಶುರು ಮಾಡಿದಾಗ ತಿರುಗಿಸೋಕೆ ಅಂತ ಬುಲ್ಡೋಜರ್ ಇಳಿಸಿದ್ರು, ಎಷ್ಟೋ ಮೊಟ್ಟೆ, ಮರಿ ಅದರಡಿ ಸಿಕ್ಕಿ ಹೋದ್ವು. ಹಳ್ಳಿಯೋರು ಇವತ್ತಿಗೂ ಅದನ್ನ ಹೇಳೋವಾಗ ದನಿ ಇಳೀತದೆ.

ನಾವು ಹೋಗೋದು ತೊಂದ್ರೆನೂ ಆಗ್ಬಹುದು, ಆಸರೆನೂ ಆಗ್ಬಹುದು, ಅದು ನಾವು ರಾತ್ರಿ ಹೇಗಿರ್ತೀವಿ ಅನ್ನೋದ್ರ ಮೇಲೆ. ಇದೇ ಮಾತು ನಮ್ಮೂರಿಗೂ ಅನ್ವಯಿಸತ್ತೆ. ಹೊನ್ನಾವರದ ಕಾಸರಕೋಡು, ಕುಂದಾಪುರ ಕಡೆ ಆಲಿವ್ ರಿಡ್ಲಿ ಆಮೆಗಳು ಬಂದು ಮೊಟ್ಟೆ ಇಡ್ತವೆ. ಅಲ್ಲಿ ಹೋಮ್‌ಸ್ಟೇ ಮಾಡಿದ್ರೂ ಬೀಚ್ ಕಡೆ ಲೈಟ್ ಆರಿಸಿ.

ಬುಕ್ ಮಾಡೋವಾಗ ಹೋಟೆಲಿನೋರನ್ನ ಏನು ಕೇಳ್ಬೇಕು?

ಕಮ್ಮಿ ಅಂದ್ರೆ ಮೂರು ರಾತ್ರಿ ತಗೊಳ್ಳಿ, ಮಳೆ ಬಂದು ಒಂದು ರಾತ್ರಿ ಹಾಳಾದ್ರೂ ಇನ್ನೆರಡು ಉಳಿಯತ್ತೆ. ಏಪ್ರಿಲ್ ಮೇ ರೂಮು ತಿಂಗಳುಗಟ್ಟಲೆ ಮುಂಚೆನೇ ಭರ್ತಿ. ರಾತ್ರಿ ಊಟ ಸೇರಿದೆಯಾ, ಗಾಡಿ ಕಳಿಸ್ತೀರಾ, ಪರ್ಮಿಟ್ ಯಾರು ಮಾಡಿಸ್ತಾರೆ ಅಂತ ಕೇಳಿ. ಕೊನೇದಾಗಿ, ಸಮುದ್ರದ ಕಡೆ ಲೈಟು ರಾತ್ರಿ ಎಷ್ಟು ಗಂಟೆಗೆ ಆರಿಸ್ತೀರಿ ಅಂತ ಕೇಳಿ. ಎಂಟು ಗಂಟೆ ಅಂದ್ರೂ ತಡವೇ, ಕತ್ತಲಾದ ಮೇಲೆ ಹಾಕೋದೇ ಇಲ್ಲ ಅನ್ನೋ ಕಡೆ ದುಡ್ಡು ಕಟ್ಟಿ.